ದವಡೆಯ ಪಾನಾ

ನನ್ನ ದವಡೆಯನ್ನು ದಿನಕ್ಕೆ ಒಂದು ಮಿಲಿಮೀಟರ್ ಉದ್ದ ಮಾಡುವ ಕೆಲಸ ಅಪ್ಪನ ಪಾಲಿಗೆ ಬಂದಿತ್ತು. ಮುಂಜಾನೆ ಏಳಕ್ಕೆ ಅರ್ಧ, ಸಂಜೆ ಏಳಕ್ಕೆ ಇನ್ನರ್ಧ. ಬನಹಟ್ಟಿಯಲ್ಲಿ ಮೂವತ್ತು ವರ್ಷದಿಂದ ಪವರ್‌ಲೂಮ್ ರಿಪೇರಿ ಮಾಡುತ್ತ ಬಂದ ಜಾಬರ್ ಗಿರಿಮಲ್ಲಪ್ಪನಿಗೆ ಇದೂ ಒಂದು ಕೆಲಸವೇ ಅಂತ ನೀವು ಕೇಳಬಹುದು. ಅಪ್ಪನೂ ಆಸ್ಪತ್ರೆಯಲ್ಲಿ ಹಾಗೇ ಕೇಳಿದ್ದ. ಮೊದಲ ದಿನ ಒಂದು ಸುತ್ತು ತಿರುಗಿಸಿ ಮುಗಿಸುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಎರಡು ಕಪ್ ಚಹಾ ಕುಡಿದ ಮೇಲೆ ಮಾತು ಬಂತು.

“ಮಗ್ಗಕ್ಕ ನೋವ ಆಗಂಗಿಲ್ಲ ಯವ್ವಾ,” ಅಂತ ನನಗೆ ಹೇಳಿದ.

ವಿಷಯ ಇಷ್ಟೇ. ಬೆಳಗಾವಿಯ ಆಸ್ಪತ್ರೆಯಲ್ಲಿ ನನ್ನ ಕೆಳದವಡೆಯ ಎಲುಬನ್ನು ಎರಡೂ ಕಡೆ ಕೊಯ್ದು, ಕೊಯ್ದ ಜಾಗಕ್ಕೆ ಒಂದೊಂದು ಸಣ್ಣ ಸ್ಕ್ರೂ ಸಾಧನ ಕೂಡಿಸಿದ್ದರು. ಲಾರಿಯ ಕೆಳಗೆ ಇಡುವ ಜ್ಯಾಕ್ ಇರುತ್ತದಲ್ಲ, ಅದರ ಮರಿಮಗಳು ಅನ್ನಿ. ಅದರ ತುದಿ ಕಿವಿಯ ಕೆಳಗೆ ಚರ್ಮದಿಂದ ಹೊರಗೆ ಇಣುಕುತ್ತಿತ್ತು. ಆ ತುದಿಗೆ ಪಾನಾ ಹಾಕಿ ಒಂದು ಸುತ್ತು ತಿರುಗಿಸಿದರೆ ಎಲುಬಿನ ಎರಡು ತುಂಡು ಅರ್ಧ ಮಿಲಿಮೀಟರ್ ದೂರ ಸರಿಯುತ್ತವೆ. ನಡುವಿನ ಸಂದಿಯಲ್ಲಿ ಹೊಸ ಎಲುಬು ಬೆಳೆಯುತ್ತದೆ. ಎಲುಬು ಪಾಪದ್ದು. ಮುರಿದಿದ್ದೇನೆ, ಕೂಡಿಕೊಳ್ಳಬೇಕು ಅಂತ ದಿನಾ ಒದ್ದಾಡುತ್ತದೆ. ನಾವು ದಿನಾ ಸ್ವಲ್ಪ ಆಚೆ ಸರಿಸುತ್ತೇವೆ. ಹೀಗೆ ಇಪ್ಪತ್ತೆಂಟು ಸುತ್ತು, ಹದಿನಾಲ್ಕು ಮಿಲಿಮೀಟರ್. ಆಮೇಲೆ ಮೂರು ತಿಂಗಳು ಮುಟ್ಟದೆ ಬಿಡುವುದು, ಹೊಸ ಎಲುಬು ಗಟ್ಟಿಯಾಗಲಿ ಅಂತ.

ಪಾನಾ ಎಂಬುದು ಅಪ್ಪ ಇಟ್ಟ ಹೆಸರು. ನಟ್ಟು ತಿರುಗಿಸುವ ಎಲ್ಲಕ್ಕೂ ಅಪ್ಪನ ಬಾಯಲ್ಲಿ ಅದೇ ಹೆಸರು. ಇದು ಬೆರಳುದ್ದದ ಉಕ್ಕಿನ ಕಡ್ಡಿ, ತುದಿಯಲ್ಲಿ ಜೋಳದ ಕಾಳಿಗಿಂತ ಸಣ್ಣದಾದ ಆರು ಮೂಲೆಯ ಗುಳಿ.

ಇದನ್ನೆಲ್ಲ ಮುಖ ಚಂದ ಮಾಡಿಕೊಳ್ಳಲು ಮಾಡಿಸಿದ್ದಾರೆ ಎಂದು ನಮ್ಮ ಓಣಿಯ ನಂಬಿಕೆ. ಎದುರುಮನೆಯ ಮನೀಷಾ ಬಂದು, “ಎಷ್ಟ ಉದ್ದ ಮಾಡಸಾಕತ್ತಿ ಉಜ್ವಲಾ? ನಮ್ಮ ತಂಗೀದೂ ಒಂಚೂರು ಮಾಡಸೂದಿತ್ತು,” ಅಂದಳು. ಮೀಟರಿನ ಮೇಲೆ ಮಾಡುತ್ತಾರೆ, ಬಟ್ಟೆಯ ಹಾಗೆ, ಅಂತ ಹೇಳಿ ಕಳಿಸಿದೆ. ಇಪ್ಪತ್ತು ವರ್ಷ ಈ ಮುಖ ಹೊತ್ತು ತಿರುಗಿದ್ದೇನೆ, ನನಗೇನೂ ಅದರ ಮೇಲೆ ಸಿಟ್ಟಿಲ್ಲ. ನನ್ನ ತಕರಾರು ಉಸಿರಿನದು.

ಐದು ವರ್ಷದವಳಿದ್ದಾಗ ನಾಗರಪಂಚಮಿಯ ದಿನ ಜೋಕಾಲಿಯಿಂದ ಬಿದ್ದೆ. ಗದ್ದ ಕಲ್ಲಿಗೆ ಬಡಿಯಿತು. ಹಲ್ಲು ಮುರಿದಿರಲಿಲ್ಲ, ರಕ್ತ ಬಂದಿರಲಿಲ್ಲ, ಹಾಗಾಗಿ ಎಲ್ಲರೂ ಏನೂ ಆಗಿಲ್ಲ ಅಂದುಕೊಂಡು ಅರಿಶಿನ ಹಚ್ಚಿದರು. ಕಿವಿಯ ಹತ್ತಿರ ದವಡೆ ಬೆಳೆಯುವ ಜಾಗಕ್ಕೆ ಪೆಟ್ಟಾಗಿತ್ತು. ನಾನು ಬೆಳೆದೆ, ಕೆಳದವಡೆ ಐದರಲ್ಲೇ ಕೂತಿತು. ದವಡೆ ಗಿಡ್ಡವಾದರೆ ನಾಲಿಗೆಗೆ ಮುಂದೆ ಜಾಗವಿರುವುದಿಲ್ಲ. ನಿದ್ದೆ ಹತ್ತಿದ ಕೂಡಲೇ ಅದು ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ತಾಸಿಗೆ ಮೂವತ್ತು ಸಲ ನನ್ನ ಉಸಿರು ನಿಲ್ಲುತ್ತದೆ ಎಂದು ಆಸ್ಪತ್ರೆಯ ಮಷಿನ್ ಹೇಳಿತು. ಹೀಗೇ ಬಿಟ್ಟರೆ ಹೃದಯಕ್ಕೆ ಕುತ್ತು ಎಂದು ಡಾಕ್ಟರ್ ಹೇಳಿದರು.

ಮಷಿನ್ ಹೇಳುವ ಮೊದಲೇ ಇದು ಆಯಿಗೆ ಗೊತ್ತಿತ್ತು. ಆಯಿ ಅಂದರೆ ಅಪ್ಪನ ತಾಯಿ, ಮುತ್ತವ್ವ. ನಾನು ಏಳು ವರ್ಷದವಳಿದ್ದಾಗಿನಿಂದ ಆಕೆ ನನ್ನ ಪಕ್ಕದಲ್ಲೇ ಮಲಗುತ್ತಾಳೆ. ಮಗ್ಗದ ನೂಲನ್ನು ನಾಲ್ಕೆಳೆ ಹೊಸೆದು ದಾರ ಮಾಡಿ, ಒಂದು ತುದಿ ನನ್ನ ಕಾಲಿನ ಹೆಬ್ಬೆರಳಿಗೆ, ಇನ್ನೊಂದು ತುದಿ ತನ್ನ ಕೈಗೆ. ನನ್ನ ಗೊರಕೆ ನಿಂತಿತೋ, ದಾರ ಎಳೆಯುತ್ತಾಳೆ. ನಾನು ಅರ್ಧ ಎಚ್ಚರದಲ್ಲಿ, “ಅದೀನಿ, ಮಲ್ಕೊ,” ಅನ್ನುತ್ತೇನೆ. ಆಕೆ ಮಲಗುವುದಿಲ್ಲ. ಹದಿಮೂರು ವರ್ಷದಿಂದ ಆಯಿ ಸರಿಯಾಗಿ ಮಲಗಿಲ್ಲ. ಹಗಲು ಕೂತಲ್ಲೇ ತೂಕಡಿಸುತ್ತಾಳೆ, ಕೇಳಿದರೆ ಜಪ ಮಾಡಾಕತ್ತೇನಿ ಅನ್ನುತ್ತಾಳೆ.

ಡಾಕ್ಟರ್ ಸೌಂದರ್ಯಾ ಬೆಳಗಾವಿಯವರು, ಗುರುವಾರಕ್ಕೊಮ್ಮೆ ಜಮಖಂಡಿಯ ಒಂದು ಹಲ್ಲಿನ ದವಾಖಾನೆಗೆ ಬರುತ್ತಾರೆ. ಪಾನಾ ಕೊಡುವಾಗ ಅಪ್ಪನಿಗೆ ಒತ್ತಿ ಒತ್ತಿ ಹೇಳಿದ್ದರು: ಬಾಣದ ಗುರುತು ಇದ್ದ ಕಡೆಗೇ ತಿರುಗಿಸಬೇಕು, ಒಂದು ಸುತ್ತಿಗಿಂತ ಹೆಚ್ಚಿಲ್ಲ, ತಪ್ಪಿಸುವಂತಿಲ್ಲ.

“ಸೇಫ್ಟಿಗಂತ ಒಂದ ಸುತ್ತ ಜಾಸ್ತಿ ಹಾಕಿದ್ರರೀ?” ಅಪ್ಪ ಕೇಳಿದ್ದ. ಮಗ್ಗದ ಎಲ್ಲ ನಟ್ಟಿಗೂ ಅಪ್ಪ ಸೇಫ್ಟಿಗೆ ಒಂದು ಸುತ್ತು ಜಾಸ್ತಿ ಹಾಕುತ್ತಾನೆ.

“ಗಿರಿಮಲ್ಲಪ್ಪನವರ, ಅದು ನಿಮ್ಮ ಮಗಳ ಮುಖರೀ,” ಅಂದರು ಡಾಕ್ಟರ್. “ಮತ್ತ ಎರಡು ಮೂರು ದಿನ ತಿರಗಸದ ಬಿಟ್ಟರ ಎಲುಬು ಕೂಡಕೊಂಡ ಬಿಡತೈತಿ. ಆಮ್ಯಾಲ ಮತ್ತ ಕೊಯ್ಯೂದ, ಮತ್ತ ಮೊದಲಿಂದ.”

ಅವತ್ತಿನಿಂದ ಅಪ್ಪ ಮೂಲೆಯ ಮಗ್ಗದ ಕಾಲಿಗೆ ಸೀಮೆಸುಣ್ಣದಿಂದ ಗೆರೆ ಎಳೆಯತೊಡಗಿದ. ಒಂದು ಸುತ್ತಿಗೆ ಒಂದು ಗೆರೆ. ಹದಿನಾರನೇ ಗೆರೆ ಬಿದ್ದದ್ದು ಭಾನುವಾರ ಸಂಜೆ. ಮರುದಿನ ಸೋಮವಾರ, ಖಂಡೇನವಮಿ, ಆಯುಧಪೂಜೆಯ ದಿನ.

ಅವ್ವ ಇದ್ದಿದ್ದರೆ ಮುಂದಿನದು ಆಗುತ್ತಿರಲಿಲ್ಲವೇನೋ. ಆಕೆ ತನ್ನ ತಾಯಿಯ ಕಣ್ಣಿನ ಆಪರೇಷನ್ ಅಂತ ಲೋಕಾಪುರಕ್ಕೆ ಹೋಗಿದ್ದಳು. ಮನೆಯಲ್ಲಿ ಮೂವರೇ. ಏಳಕ್ಕೆ ಅಪ್ಪ ಸೋಪು ಹಚ್ಚಿ ಕೈ ತೊಳೆದು, ಸ್ಪಿರಿಟ್ ಸವರಿಕೊಂಡು ಕಪಾಟು ತೆರೆದ. ಪಾನಾ ಇಡುವ ಡಬ್ಬಿ ಖಾಲಿ ಇತ್ತು.

“ಯವ್ವಾ, ಇದರಾಗಿನ ಪಾನಾ ಎಲ್ಲೈತಿ?”

“ಪೂಜಿಗಿ ಕುಂತೈತಿ,” ಒಳಗಿನಿಂದ ಆಯಿಯ ದನಿ ಬಂತು.

ಮಗ್ಗದ ಕೋಣೆಯಲ್ಲಿ ಕರಿಕಂಬಳಿ ಹಾಸಿತ್ತು. ಅದರ ಮೇಲೆ ಅಪ್ಪನ ಪಾನಾಗಳು ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ, ಸುತ್ತಿಗೆ, ಅರ, ಇಕ್ಕಳ, ನಾಲ್ಕು ಲಾಳಿ, ಕತ್ತರಿ, ಈಳಿಗೆ, ಕುಡಗೋಲು, ಮಿಕ್ಸರಿನ ಬ್ಲೇಡು. ಎಲ್ಲಕ್ಕೂ ವಿಭೂತಿಯ ಮೂರು ಗೆರೆ, ಕುಂಕುಮ, ಚೆಂಡುಹೂವು. ನಟ್ಟನಡುವೆ ಎಲೆಯ ಮೇಲೆ ಅಕ್ಕಿ, ಅಕ್ಕಿಯ ಮೇಲೆ ನನ್ನ ಪಾನಾ. ಅದಕ್ಕೇರಿಸಿದ ಹೂವು ಅದಕ್ಕಿಂತ ದೊಡ್ಡದಿತ್ತು.

“ಅಲ್ಲಬೇ, ಇದನ್ನ್ಯಾಕ ಇಟ್ಟಿ?” ಅಪ್ಪ ಕೂಗಿದ.

“ಇದನ್ನ ಬಿಟ್ಟು ಉಳಿದದ್ದೆಲ್ಲಾ ಇಡ್ಲೇನು?” ಆಯಿ ಊದುಬತ್ತಿ ಹಚ್ಚುತ್ತಲೇ ಹೇಳಿದಳು. “ಈ ಮನಿಯಾಗ ಇದಕ್ಕಿಂತ ದೊಡ್ಡ ಹತಾರ ಯಾವದೈತಿ ಹೇಳು.”

 ಮಾತು ಖರೆ ಇತ್ತು.

ಆದರೆ ಖಂಡೇನವಮಿಗೆ ಪೂಜೆಗೆ ಕೂತ ಹತಾರವನ್ನು ಮರುದಿನ ಬನ್ನಿ ಹಂಚುವವರೆಗೆ ಕದಲಿಸುವಂತಿಲ್ಲ. ನಮ್ಮ ಕಡೆ ಇದು ಕೂಸಿಗೂ ಗೊತ್ತು. ಕದಲಿಸಿದರೆ ಆ ಹತಾರ ಅದೇ ಮನೆಯವರ ಮೇಲೆ ತಿರುಗುತ್ತದೆ ಅನ್ನುತ್ತಾರೆ. ಈ ವರ್ಷ ಬನ್ನಿ ಮಂಗಳವಾರ ಬಂದಿತ್ತು. ಮಂಗಳವಾರ ಪೂಜೆ ಕದಲಿಸಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಹಾಗಾಗಿ ಆಯಿಯ ತೀರ್ಮಾನ ಮೊದಲೇ ಆಗಿತ್ತು.

“ಬುಧವಾರ ಮುಂಜಾನೆ ಕದಲಸೋಣು,” ಅಂದಳು.

“ನನ್ನ ದವಡಿ ಮಂಗಳವಾರ ಬುಧವಾರ ಅಂತ ನೋಡೂದಿಲ್ಲ ಆಯಿ.”

“ದವಡಿ ನೋಡದಿದ್ದರ ನಾವು ನೋಡಬೇಕು. ಗಂಜಿ ಆರಾಕತ್ತೈತಿ, ಕುಡಿ ಹೋಗು.”

ನನಗೆ ಸಿಟ್ಟು ನೆತ್ತಿಗೇರಿತು. ನೀನು ಎರಡು ದಿನ ಮಡಿ ಆಚರಿಸು, ನಾನು ಇನ್ನೊಮ್ಮೆ ದವಡೆ ಕೊಯ್ಯಿಸಿಕೊಳ್ಳುತ್ತೇನೆ, ಅಂತೇನೋ ಅಂದೆ. ಇನ್ನೂ ಅಂದೆ. ಎರಡೂ ಕೆನ್ನೆ ಬಾತುಕೊಂಡವಳು ಬೈದರೆ ಅರ್ಧ ಬೈಗುಳ ಒಳಗೇ ಉಳಿಯುತ್ತದೆ. ಬಗ್ಗಿ ಕೈ ಚಾಚಿದ್ದರೆ ಪಾನಾ ಸಿಗುತ್ತಿತ್ತು. ಚಾಚಿದೆ ಕೂಡ. ಆಗ ಆಯಿಯ ಮುಖ ನೋಡಿದೆ. ಆಕೆ ಬೈಯಲು ಬಾಯಿ ತೆರೆದಿರಲಿಲ್ಲ, ನನ್ನ ಕೈ ಹಿಡಿಯಲು ಬಂದಿರಲಿಲ್ಲ. ಹೆದರಿದ್ದಳು. ಹಾವಿನ ಮೇಲೆ ಕಾಲಿಡಲು ಹೊರಟ ಮಗುವನ್ನು ನೋಡುವ ಹಾಗೆ ನನ್ನ ಕೈಯನ್ನು ನೋಡುತ್ತಿದ್ದಳು. ಕೈ ಹಿಂದೆ ತೆಗೆದೆ. ಯಾಕೆ ತೆಗೆದೆನೋ ಎಂದು ದಿನವಿಡೀ ನನ್ನನ್ನೇ ಬೈದುಕೊಂಡೆ.

“ಆಯಿ ಕೂಡ ವಾದ ಬ್ಯಾಡ,” ಅಪ್ಪ ನನ್ನನ್ನು ಹೊರಗೆ ಕರೆದು ಹೇಳಿದ. “ಪಾನಾ ಅಂದರ ಪಾನಾ. ಇನ್ನೊಂದ ಸಿಗತೈತಿ. ಇಲ್ಲಂದರ ಒಂದ ಮೊಳಿ ತಗೊಂಡು ಹತ್ತ ಮಿನಿಟಿನ್ಯಾಗ ನಾನ ತಿಕ್ಕಿ ಮಾಡತೇನಿ.”

“ಯಾವದರಲೆ ತಿಕ್ಕತಿ?”

ಅಪ್ಪ ಒಳಗೆ ಇಣುಕಿ ನೋಡಿದ. ಅರ ಕಂಬಳಿಯ ಮೇಲೆ ಕೂತಿತ್ತು.

ಬೈಕಿಗೂ ಪೂಜೆಯಾಗಿತ್ತು, ಚಕ್ರದ ಕೆಳಗೆ ನಿಂಬೆಹಣ್ಣು. ನಡೆದುಕೊಂಡೇ ಹೊರಟೆವು. ನೂರಾರು ಜಾಬರ್‌ಗಳಿರುವ ಊರಿನಲ್ಲಿ ಒಂದು ಪಾನಾ ಸಿಗುವುದಿಲ್ಲವೇ ಎಂದು ಅಪ್ಪನ ಧೈರ್ಯ. ಎಲ್ಲರ ಮನೆಯಲ್ಲೂ ಪಾನಾ ಇದ್ದವು. ಎಲ್ಲರ ಮನೆಯಲ್ಲೂ ಕಂಬಳಿಯ ಮೇಲೆ ಇದ್ದವು. ಹೋದಲ್ಲೆಲ್ಲ ನಮಗೆ ಕುಂಕುಮ ಹಚ್ಚಿ ಪ್ರಸಾದ ಕೊಟ್ಟರು. ಬನಹಟ್ಟಿಯ ಹಣೆಗಳಲ್ಲಿ ಅವತ್ತು ನನ್ನದರಷ್ಟು ಕೆಂಪಗಾದದ್ದು ಇನ್ನೊಂದು ಇರಲಿಕ್ಕಿಲ್ಲ.

ರಬಕವಿಯಲ್ಲಿ ಲಗಮಪ್ಪ ಅಂತ ಗಡಿಯಾರ ರಿಪೇರಿಯವನಿದ್ದಾನೆ. ಸಣ್ಣ ಹತಾರ ಅವನಲ್ಲಿ ಸಿಗದೆ ಇನ್ನೆಲ್ಲಿ ಸಿಗಬೇಕು? ಗಾಜಿನ ಪೆಟ್ಟಿಗೆಯಲ್ಲಿ ಇರುವೆಯ ಕಾಲಿನಂಥ ಸ್ಕ್ರೂಡ್ರೈವರುಗಳನ್ನು ಸಾಲಾಗಿ ಮಲಗಿಸಿ ಒಂದೊಂದಕ್ಕೂ ಒಂದೊಂದು ಎಸಳು ಹೂ ಏರಿಸಿದ್ದ.

“ನೋಡಬೇಕಾದರ ನೋಡ್ರಿ, ಮುಟ್ಟಬ್ಯಾಡ್ರಿ,” ಅಂದ. ನನ್ನ ಕಿವಿಯ ಕೆಳಗಿನ ತುದಿಯನ್ನು ಕಣ್ಣಿಗೆ ಭೂತಗನ್ನಡಿ ಹಚ್ಚಿ ನೋಡಿದ. “ಛಲೋ ಕೆಲಸ. ಯಾವ ಕಂಪನೀದು?”

ಅಲ್ಲಿಂದ ಅಪ್ಪ ಡಾಕ್ಟರಿಗೆ ಫೋನ್ ಮಾಡಿದ. ಅವರು ಹಬ್ಬಕ್ಕೆಂದು ಗಂಡನ ಊರಿಗೆ ಹೋಗಿದ್ದರು. ಅಪ್ಪ ನಡೆದದ್ದನ್ನು ಹೇಳಿದ.

“ಎಲ್ಲಿ ಇಟ್ಟಾರಂದ್ರಿ?”

“ಪೂಜಿಗಿರೀ.”

“ಮುಂಜಾನೀದು ತಪ್ಪಿತು, ಹೋಗಲಿ. ಸಂಜೀದು ತಪ್ಪಬಾರದು. ಬುಧವಾರದ ತನಕ ಬಿಟ್ಟರ ನಾ ಏನೂ ಗ್ಯಾರಂಟಿ ಕೊಡಂಗಿಲ್ಲ. ಮತ್ತ ತಪ್ಪಿದ್ದನ್ನ ಕೂಡಿಸಿ ಒಮ್ಮೆಲೇ ತಿರಗಸಬ್ಯಾಡ್ರಿ, ಕೇಳಿದ್ರಿಲ್ಲೊ?”

“ಇನ್ನೊಂದ ಪಾನಾರೀ?”

ಇನ್ನೊಂದು ಬೆಳಗಾವಿಯ ಆಪರೇಷನ್ ಥಿಯೇಟರಿನ ಕಪಾಟಿನಲ್ಲಿತ್ತು. ಕಪಾಟಿನ ಕೀಲಿಕೈ ಇಟ್ಟುಕೊಂಡ ಸಿಸ್ಟರ್ ರಜೆಯಲ್ಲಿದ್ದಳು, ಬುಧವಾರ ಬರುತ್ತಾಳೆ. ಜಮಖಂಡಿಯ ದವಾಖಾನೆಯಲ್ಲಿ ಹೊಂದುವಂಥದ್ದು ಏನಾದರೂ ಇದ್ದರೂ ಇರಬಹುದು, ಹೋಗಿ ನೋಡಿ ಅಂದರು.

ಬಾಳೆಕಂಬ ಕಟ್ಟಿಕೊಂಡ ಬಸ್ಸಿನಲ್ಲಿ ಜಮಖಂಡಿಗೆ ಹೋದೆವು. ದವಾಖಾನೆಯ ಬಾಗಿಲು ತೆರೆದಿತ್ತು. ಬಾಗಿಲಲ್ಲಿ ಕುಂಬಳಕಾಯಿ ಒಡೆದಿತ್ತು. ಒಳಗೆ ಹಲ್ಲು ಕೀಳುವ ಕುರ್ಚಿಗೆ ಎರಡೂ ಕಡೆ ಕಬ್ಬು ಕಟ್ಟಿ, ಮೇಲೊಂದು ಹಾರ ಹಾಕಿದ್ದರು. ಕುರ್ಚಿಯ ಮೇಲಿನ ತಟ್ಟೆಯಲ್ಲಿ ಇಕ್ಕಳ, ಸೂಜಿ, ಕನ್ನಡಿ, ಕೊರೆಯುವ ಮಷಿನ್. ಎಲ್ಲಕ್ಕೂ ವಿಭೂತಿಯ ಮೂರು ಗೆರೆ. ಕಾಂಪೌಂಡರ್ ಯಲ್ಲಾಲಿಂಗ ಆರತಿ ಎತ್ತುತ್ತಿದ್ದ.

“ಅಂಥಾದ್ದು ನಮ್ಮಲ್ಲಿಲ್ಲರೀ. ಇದ್ದರೂ ಈಗ ಹೆಂಗ ಕೊಡಾಕ ಬರತೈತಿ? ನೀವ ಹೇಳ್ರಿ,” ಅಂದ. ತಾನಾಗಿದ್ದರೂ ಕೊಡುತ್ತಿರಲಿಲ್ಲ ಎಂದು ಅಪ್ಪನ ಮುಖವೇ ಹೇಳುತ್ತಿತ್ತು. ಯಲ್ಲಾಲಿಂಗ ನನ್ನ ಕೈಗೆ ಒಂದು ಹೋಳು ಒಣಕೊಬ್ಬರಿ, ಒಂದು ಮುಷ್ಟಿ ಪುಟಾಣಿ ಹಾಕಿದ. ದವಡೆ ಕೊಯ್ಸಿಕೊಂಡವಳಿಗೆ, ದವಡೆಯ ದವಾಖಾನೆಯಲ್ಲಿ, ಒಣಕೊಬ್ಬರಿ.

ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಹೊರಗೆ ಕಬ್ಬಿನ ಹೊಲ ನೋಡುತ್ತ ಕೂತಿದ್ದ. “ನಾನ ತೆಗೀತೇನಿ,” ಅಂತ ಇದ್ದಕ್ಕಿದ್ದಂತೆ ಅಂದ. “ಆಯಿ ಏನ ಅಂದರೂ ಅನ್ನಲಿ. ಬಂದ ಪಾಪ ನನಗ ಬರಲಿ.” ಆಮೇಲೆ ಬನಹಟ್ಟಿ ಬರುವವರೆಗೆ ಅದನ್ನೇ ಮೂರು ಸಲ ಹೇಳಿದ, ಪ್ರತಿ ಸಲ ದನಿ ಸ್ವಲ್ಪ ಇಳಿಯುತ್ತಿತ್ತು.

ಮನೆಗೆ ಬಂದಾಗ ಆರೂವರೆ. ಆಯಿ ಕಂಬಳಿಯ ಮುಂದೆ ಕೂತೇ ಇದ್ದಳು. ಊಟ ಮಾಡಿದ ಗುರುತಿರಲಿಲ್ಲ.

“ಸಿಕ್ತೇನಪಾ?”

“ಇಲ್ಲಬೇ. ಸರಿ ಈಗ, ಅದನ್ನ ತಗೋತೇನಿ.”

“ಗಿರಿಮಲ್ಲ, ಮುಟ್ಟಬ್ಯಾಡ. ನಿನಗ ಕೈ ಮುಗೀತೇನಿ.”

ತಾಯಿ ಮಗನಿಗೆ ಕೈ ಮುಗಿದದ್ದನ್ನು ನೋಡಿ ಅಪ್ಪ ನಿಂತಲ್ಲೇ ನಿಂತ. ಬಸ್ಸಿನಲ್ಲಿ ಮೂರು ಸಲ ಹೇಳಿದ್ದೆಲ್ಲ ಅಲ್ಲಿಗೆ ಮುಗಿಯಿತು. ನನಗೆ ತಡೆಯಲಾಗಲಿಲ್ಲ.

“ನನ್ನ ಉಸರ ಹೋದರೂ ಅಡ್ಡಿ ಇಲ್ಲ, ನಿನ್ನ ಪೂಜಿ ಉಳೀಬೇಕು ಹೌದಿಲ್ಲೊ?”

ಇದನ್ನು ಅಂದದ್ದು ತಪ್ಪು. ಹದಿಮೂರು ವರ್ಷ ದಾರ ಹಿಡಿದು ಕೂತವಳಿಗೆ ಹೇಳುವ ಮಾತಲ್ಲ.  ಆಯಿ ಪಾನಾಗಳನ್ನೇ ನೋಡುತ್ತ ಹೇಳಿದಳು.

“ಆ ಪಂಚಮಿ ದಿನ ನಾ ಹಂಚ ಇಟ್ಟಿದ್ದೆ.”

ನಮಗೆ ಅರ್ಥವಾಗಲಿಲ್ಲ. ನಾಗರಪಂಚಮಿಯಂದು ನಮ್ಮ ಮನೆಗಳಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ, ಅದು ನಾಗಪ್ಪನ ಹೆಡೆ ಸುಟ್ಟಂತೆ. ಮುನ್ನಾದಿನದ ರೊಟ್ಟಿಯನ್ನೇ ತಿನ್ನುವುದು.

“ನೀ ಬಿಸಿರೊಟ್ಟಿ ಬೇಕಂತ ರಂಪ ಮಾಡಾಕತ್ತಿದ್ದಿ. ನಿಮ್ಮವ್ವ ಗುಡಿಗಿ ಹೋಗಿದ್ದಳು. ಕೂಸ ಅಳತೈತಿ, ಒಂದ ರೊಟ್ಟಿಗಿ ಏನಾಕೈತಿ ಅಂದಕೊಂಡು ಹಂಚ ಇಟ್ಟೆ. ಒಂದ ರೊಟ್ಟಿ. ಮಧ್ಯಾಹ್ನ ನಿನ್ನ ಜೋಕಾಲಿ ಜೀಕಿದಾಕೀನೂ ನಾನ. ಇವ ಕೈಲೆ.” ಆಯಿ ತನ್ನ ಎರಡೂ ಕೈ ಎತ್ತಿ ತೋರಿಸಿದಳು. “ಒಮ್ಮೆ ಒಂದ ತಪ್ಪಿದ್ದಕ್ಕ ಇಷ್ಟಾತು. ಇನ್ನೊಮ್ಮೆ ತಪ್ಪಲೇನು? ಈ ಸರತಿ ಏನ ತಗೋತಾನ ಅವ?”

ಆಯಿ ಯಾವ ಅಮಾವಾಸ್ಯೆ, ಯಾವ ಸೋಮವಾರ, ಯಾವ ಮಡಿಯನ್ನೂ ತಪ್ಪಿಸದೆ ಯಾಕೆ ನಮ್ಮ ಜೀವ ಹಿಂಡುತ್ತಿದ್ದಳು ಅಂತ ಅವತ್ತು ಗೊತ್ತಾಯಿತು. ನಾನು ಅದನ್ನು ಭಕ್ತಿ ಅಂದುಕೊಂಡಿದ್ದೆ. ಹದಿನೈದು ವರ್ಷ ಈ ಮುದುಕಿ ಒಂದು ಬಿಸಿರೊಟ್ಟಿಯನ್ನು ತಲೆಯ ಮೇಲೆ ಹೊತ್ತು ತಿರುಗಿದ್ದಳು. ನನಗೆ ಆಕೆಯ ಮೇಲೆ ಬಂದಷ್ಟು ಸಿಟ್ಟು, ಬಂದಷ್ಟು ಸಂಕಟ ಇನ್ಯಾರ ಮೇಲೂ ಯಾವತ್ತೂ ಬಂದಿಲ್ಲ.

“ಆಯಿ, ನನಗ ನೆನಪೈತಿ ಕೇಳು,” ಅಂದೆ. “ನನ್ನ ಕೈಯಾಗ ಶೇಂಗಾದ ಉಂಡಿ ಇತ್ತು. ಒಂದ ಕೈಲೆ ಹಗ್ಗ ಹಿಡದಿದ್ದೆ. ಉಂಡಿ ಜಾರಾಕತ್ತಿತು, ಹಗ್ಗ ಬಿಟ್ಟು ಎರಡೂ ಕೈಲೆ ಉಂಡಿ ಹಿಡದೆ. ಬಿದ್ದೆ. ಇದರಾಗ ನಾಗಪ್ಪ ಎಲ್ಲಿ ಬಂದ?”

“ಉಂಡಿ ಕೊಟ್ಟಾಕೀನೂ ನಾನ,” ಅಂದಳು ಆಯಿ.

ಇಂಥವಳ ಜೊತೆ ಏನು ಮಾತಾಡುವುದು! ಅಪ್ಪ ಮುಖ ಆಚೆ ತಿರುಗಿಸಿದ. ನನಗೆ ಅಳು ಬಂತು. ದವಡೆಯ ಎರಡೂ ಕಡೆ ಸ್ಕ್ರೂ ಇದ್ದಾಗ ಅಳುವುದು ಸುಲಭವಲ್ಲ, ಬಾಯಿ ಅಗಲಿಸಲು ಬರುವುದಿಲ್ಲ, ಮೂಗಿನಿಂದಲೇ ಎಲ್ಲ ಆಗಬೇಕು. ಗಡಿಯಾರ ಏಳು ಹೊಡೆಯಿತು.

ಆಯಿ ಸೆರಗಿನಿಂದ ನನ್ನ ಮೂಗು ಒರೆಸಿದಳು. ಒರೆಸುತ್ತ ನನ್ನ ಗದ್ದ ನೋಡಿದಳು, ಕಂಬಳಿ ನೋಡಿದಳು, ಮತ್ತೆ ಗದ್ದ ನೋಡಿದಳು.

“ಗಿರಿಮಲ್ಲ, ಹತಾರ ಕಂಬಳಿ ಬಿಟ್ಟ ಇಳೀಬಾರದು. ಹೌದಿಲ್ಲೊ?”

“ಹೌದಬೇ.”

“ಇಕಿ ಕಂಬಳಿ ಮ್ಯಾಲ ಏರಬಾರದು ಅಂತ ಯಾರರೆ ಹೇಳ್ಯಾರೇನು?”

ಅಪ್ಪ ಯೋಚಿಸಿದ. ಯಾರೂ ಹೇಳಿರಲಿಲ್ಲ.

“ಇಕೀ ಗದ್ದದಾಗೂ ಕಬ್ಬಿಣ ಐತಿ. ಅದೂ ಪೂಜಿಗಿ ಕೂಡೂದ. ಮುಂಜಾನೀನ ಕೂಡಸಬೇಕಿತ್ತು, ನನಗ ಹೊಳೀಲಿಲ್ಲ.”

“ಅದು ಟೈಟಾನಿಯಮ್ ಬೇ.”

“ಕಬ್ಬಿಣದ ಬಳಗಾನ ಹೌದಿಲ್ಲೊ?”

“ಹೌದಂತ ಇಟ್ಕೊ.”

ಹೀಗೆ ನಾನು ಸ್ನಾನ ಮಾಡಿ ಬಂದು, ಸುತ್ತಿಗೆ ಮತ್ತು ಈಳಿಗೆಯ ನಡುವೆ ಜಾಗ ಮಾಡಿಕೊಂಡು, ಕಂಬಳಿಯ ಮೇಲೆ ಮಲಗಿದೆ. ಆಯಿ ನನ್ನ ಹಣೆಗೂ ಎರಡೂ ಕಿವಿಯ ಕೆಳಗೂ ವಿಭೂತಿ ಎಳೆದಳು. ಚೆಂಡುಹೂವು ಏರಿಸಿದಳು. ಅಪ್ಪ ಪಾನಾದ ತುದಿಗೆ ಸ್ಪಿರಿಟ್ ಹಚ್ಚಿ ಒರೆಸಲು ಬಗ್ಗಿದಾಗ ಆಯಿ ತಡೆದಳು.

“ನೀ ಸರಿ. ನಾ ತಿರಗಸತೇನಿ. ತಪ್ಪಾಗಿದ್ದರ ನನ್ನ ಕೈಯಾಗ ಇರಲಿ.”

ನನ್ನ ಮುಖದಲ್ಲಿ ಪಾನಾ ತಿರುಗುವುದನ್ನು ಆಯಿ ಒಮ್ಮೆಯೂ ನೋಡಿರಲಿಲ್ಲ. ಪ್ರತಿ ಸಲ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಈಗ ಕೈಗೆ ಸ್ಪಿರಿಟ್ ಹಾಕಿಸಿಕೊಂಡು, ಕಂಬಳಿಯ ಅಂಚು ದಾಟದ ಹಾಗೆ ಮೊಣಕಾಲೂರಿ ಕೂತು, ಪಾನಾ ಎತ್ತಿದಳು.  ಅಪ್ಪ ಹಿಂದಿನಿಂದ ಆಕೆಯ ಮುಂಗೈ ಹಿಡಿದ.

“ಬಾಣದ ಗುರ್ತ ಕಾಣತೈತಿಲ್ಲೊ? ಆ ಕಡೆ. ಸಾವಕಾಶ. ಸಾವಕಾಶಬೇ. ಒಂದ ಸುತ್ತ. ಆತು.”

“ಸೇಫ್ಟಿಗಿ?” ಆಯಿ ಕೇಳಿದಳು.

“ಬ್ಯಾಡ.”

ಆಮೇಲೆ ಎಡಗಡೆ. ಎಳೆತ ಕಿವಿಯಿಂದ ಗದ್ದದವರೆಗೆ ಹರಿದು ಕಣ್ಣಲ್ಲಿ ನೀರು ತಂದಿತು.

“ನೋವಾತೇನ?” ಆಯಿ ಕೇಳಿದಳು.

“ಇಲ್ಲ,” ಅಂದೆ.

ಆಯಿ ಪಾನಾವನ್ನು ಅಕ್ಕಿಯ ಮೇಲೆ ಇಟ್ಟು, ಬಿದ್ದ ಹೂವನ್ನು ಮತ್ತೆ ಏರಿಸಿ, ನಮಸ್ಕಾರ ಮಾಡಿದಳು. ನಮಸ್ಕಾರ ನನಗೋ ಪಾನಾಕ್ಕೋ ಗೊತ್ತಾಗಲಿಲ್ಲ. ಅಪ್ಪ ಎದ್ದು ಹೋಗಿ ಮಗ್ಗದ ಕಾಲಿಗೆ ಹದಿನೇಳನೇ ಗೆರೆ ಎಳೆದ.

ಮರುದಿನ ಮಂಗಳವಾರ ಎರಡು ಸಲ ಹಾಗೇ ಪೂಜೆಗೆ ಕೂತೆ. ಸಂಜೆಯದಕ್ಕೆ ಸರಿಯಾಗಿ ಓಣಿಯವರು ಬನ್ನಿ ಕೊಡಲು ಬಂದರು. ನಾನು ಇಕ್ಕಳದ ಪಕ್ಕ ಮಲಗಿದ್ದೆ, ಆಯಿ ನನ್ನ ಕಿವಿಯ ಕೆಳಗೆ ಪಾನಾ ತಿರುಗಿಸುತ್ತಿದ್ದಳು. ನಮ್ಮ ಕಡೆಯ ಜನ ಒಳ್ಳೆಯವರು, ಯಾರೂ ಏನೂ ಕೇಳಲಿಲ್ಲ. “ಬನ್ನಿ ತಗೊಂಡು ಬಂಗಾರದಂಗ ಇರೂಣು,” ಅನ್ನುತ್ತ ಎಲ್ಲ ಹತಾರಗಳ ಮೇಲೂ ಒಂದೊಂದು ಬನ್ನಿ ಎಲೆ ಇಟ್ಟು, ನನ್ನ ಮೇಲೂ ಒಂದೊಂದು ಇಟ್ಟು ಹೋದರು. ಮನೀಷಾ ಎರಡು ಇಟ್ಟಳು. ದವಡೆ ಉದ್ದ ಮಾಡುವ ವಿಧಾನ ಆಕೆಗೆ ಈಗ ಪೂರ್ತಿ ತಿಳಿದಂತಿತ್ತು.

ಗುರುವಾರ ಜಮಖಂಡಿಯಲ್ಲಿ ಡಾಕ್ಟರ್ ಸೌಂದರ್ಯಾ ನನ್ನ ಕಿವಿಯ ಕೆಳಗೆ ನೋಡಿ ಹುಬ್ಬು ಗಂಟಿಕ್ಕಿದರು.

“ಇದೇನ ಕೆಂಪಗೈತಿ? ರಕ್ತ ಬಂದಿತ್ತೇನು?”

“ಕುಂಕುಮರೀ,” ಅಂದ ಅಪ್ಪ.

ಡಾಕ್ಟರ್ ಅರ್ಧ ಗಂಟೆ ಬೈದರು. ಕೀವು, ಸೋಂಕು, ವಿಭೂತಿ, ಒಂದನ್ನೂ ಬಿಡಲಿಲ್ಲ. ತೊಳೆದು, ಒರೆಸಿ, ಮಾತ್ರೆ ಬರೆದುಕೊಟ್ಟರು. ಅವರು ಬೈಯುವಾಗ ಕೈಯಲ್ಲಿ ಹಿಡಿದಿದ್ದ ಕನ್ನಡಿಯ ಹಿಡಿಕೆಗೆ ವಿಭೂತಿಯ ಮೂರು ಗೆರೆ ಹಾಗೇ ಇದ್ದವು. ನಾನು ಹೇಳಲಿಲ್ಲ. ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದು ನೋಡಿದ ಮೇಲೆ ದನಿ ಇಳಿಯಿತು.

“ಸಂದಿ ಸರಿ ಐತಿ. ಎಲುಬು ಕೂಡಿಲ್ಲ. ನಡೀರಿ ಮುಂದ.”

ಅಪ್ಪ ಹಲ್ಲು ಕೀಳುವ ಕುರ್ಚಿಗೆ ಕೈ ಮುಗಿದ.

ಇಪ್ಪತ್ತೆಂಟನೇ ಗೆರೆ ಭಾನುವಾರ ಮುಂಜಾನೆ ಬಿತ್ತು, ಒಂದೇ ಒಂದು ಸುತ್ತು ತಡವಾಗಿ. ಕೊನೆಯವರೆಗೂ ತಿರುಗಿಸಿದ್ದು ಆಯಿಯೇ. ಅಪ್ಪ ಪಕ್ಕದಲ್ಲಿ ನಿಂತು ಆಕೆಗೆ ಪಾಠ ಹೇಳುತ್ತಿದ್ದ. ಆಕೆ, “ಗೊತ್ತೈತಿ ಸುಮ್ನಿರಲೇ,” ಅನ್ನುತ್ತಿದ್ದಳು. ಮೂರು ತಿಂಗಳ ಮೇಲೆ ಸ್ಕ್ರೂಗಳನ್ನು ತೆಗೆದರು. ಆಸ್ಪತ್ರೆಯಲ್ಲಿ ಮತ್ತೆ ಮಷಿನ್ ಹಚ್ಚಿ ಮಲಗಿಸಿದರು. ಮೂವತ್ತಿದ್ದದ್ದು ಮೂರಾಗಿತ್ತು, ಮೂರು ಎಲ್ಲರಿಗೂ ಇರುತ್ತದಂತೆ.

ಆಯಿ ಮಷಿನ್ನನ್ನು ನಂಬಲಿಲ್ಲ. ದಾರ ಬಿಡಲಿಲ್ಲ. ನನ್ನ ಗೊರಕೆ ಪೂರ್ತಿ ನಿಂತುಹೋದದ್ದರಿಂದ ಆಕೆಗೆ ಇನ್ನೂ ತೊಂದರೆಯಾಯಿತು. ಸದ್ದಿಲ್ಲದೆ ಉಸಿರಾಡುವವಳ ಉಸಿರನ್ನು ಕೇಳುವುದು ಹೇಗೆ? ಮೊದಲಿಗಿಂತ ಹೆಚ್ಚು ಸಲ ಎಳೆಯುತ್ತಿದ್ದಳು. ನಾನು ಪ್ರತಿ ಸಲ, “ಅದೀನಿ, ಮಲ್ಕೊ,” ಅನ್ನುತ್ತಿದ್ದೆ.

ಫೆಬ್ರವರಿಯ ಒಂದು ಮಧ್ಯಾಹ್ನ, ಉಂಡು ಅಡ್ಡಾದ ಹೊತ್ತಿನಲ್ಲಿ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಬನಹಟ್ಟಿಯಲ್ಲಿ ನಮ್ಮನ್ನು ನಿದ್ದೆಯಿಂದ ಎಬ್ಬಿಸುವುದು ಸದ್ದಲ್ಲ, ಸದ್ದು ನಿಲ್ಲುವುದು. ನನಗೆ ಎಚ್ಚರವಾಯಿತು. ಕಾಲಿಗೆ ದಾರ ಇತ್ತು. ಆ ತುದಿ ಆಯಿಯ ಕೈಯಲ್ಲಿತ್ತು. ಕೈ ಸಡಿಲವಾಗಿ ಚಾಪೆಯ ಮೇಲೆ ಬಿದ್ದಿತ್ತು.

ಆಯಿ ಮಲಗಿದ್ದಳು. ಜಪವಲ್ಲ, ತೂಕಡಿಕೆಯಲ್ಲ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತ ಮಲಗಿದ್ದಳು. ಆಯಿಯ ಗೊರಕೆಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ಹದಿಮೂರು ವರ್ಷ ನನ್ನದನ್ನು ಕೇಳುವುದೇ ಆಕೆಯ ಕೆಲಸವಾಗಿತ್ತು. ನಾನು ಅಲುಗಾಡದೆ ಕೇಳುತ್ತ ಬಿದ್ದುಕೊಂಡೆ. ಖುಷಿಯಾಗುತ್ತಿತ್ತು. ಎಂಥ ದೊಡ್ಡ ಗೊರಕೆ, ಅಪ್ಪನ ಹಳೇ ಮಗ್ಗಕ್ಕಿಂತ ಜೋರು.

ಆಮೇಲೆ ಅದು ನಿಂತಿತು.

ಕಾದೆ. ಮತ್ತೆ ಬರಲಿಲ್ಲ.  ಕಾಲು ಎಳೆದೆ, ದಾರ ಬಿಗಿಯಾಗಿ ಆಕೆಯ ಕೈ ಚಾಪೆಯಿಂದ ಮೇಲೆದ್ದಿತು.

ಆಯಿ ಕಣ್ಣು ತೆರೆಯಲಿಲ್ಲ. “ಅದೀನಿ,” ಅಂದಳು. “ಮಲ್ಕೊ.”